ಅಧ್ಯಕ್ಷೆ ಹಾಲಿಗೆ ಇಂಗು ಬೆರೆಸಿದ ಸಂಜೆ

೨೦೨೧ರ ಮೇ ತಿಂಗಳಿನಲ್ಲಿ ನಾನು ಮದ್ದೂರು ತಾಲ್ಲೂಕಿನ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಅಧ್ಯಕ್ಷೆಯಾಗಿದ್ದೆ. ಕೊಪ್ಪದಿಂದ ಸ್ಕೂಟರಿನಲ್ಲಿ ಕಾಲು ಗಂಟೆಯ ದಾರಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೊಂದು ಜಗಳವನ್ನು ನಾನೇ ಮನೆಗೆ ಕರೆದಂತಾಗುತ್ತದೆ, ಇರುವ ಜಗಳಗಳೇ ಸಾಕು.

ಅಧ್ಯಕ್ಷೆ ಎಂದರೆ ಸಂಬಳದ ಹುದ್ದೆಯಲ್ಲ. ನಾನು ಗೃಹಿಣಿ. ಮಂಡ್ಯದ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕಣ್ಣಳತೆಯಲ್ಲಿ ಓದಿ ಬೆಳೆದು, ಕಬ್ಬು ಭತ್ತ ಬೆಳೆಯುವ ಮನೆಗೆ ಸೊಸೆಯಾಗಿ ಬಂದವಳು. ಸಂಘದ ಚುನಾವಣೆಯಲ್ಲಿ ಮೇಲಿನ ಬೀದಿಯವರೂ ಕೆಳಗಿನ ಬೀದಿಯವರೂ ಕುರ್ಚಿಗಾಗಿ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ, ಎರಡೂ ಕಡೆಯವರು ಒಪ್ಪಿದ ಹೆಸರು ನನ್ನದು. ಕಾರಣ ಅರ್ಹತೆಯಲ್ಲ. 'ಆಯಮ್ಮ ಜೋರಾಗಿ ಮಾತೇ ಆಡಕಿಲ್ಲ, ಕಾಗ್ದ ಓದ್ತದೆ, ಸೈನ್ ಆಕ್ತದೆ' ಎಂಬ ನಂಬಿಕೆ. ಊರಿನಲ್ಲಿ ಎದುರಿಗೆ ನನ್ನನ್ನು 'ಅಮ್ಮಾವ್ರೆ' ಎನ್ನುತ್ತಿದ್ದರು. ಬೆನ್ನ ಹಿಂದೆ 'ಕಾನ್ವೆಂಟಮ್ಮ'. ಎರಡೂ ನನಗೆ ಕೇಳಿಸುತ್ತಿದ್ದವು.

ನಮ್ಮ ಸಂಘವನ್ನು ಊರವರು ಡೈರಿ ಎಂದೇ ಕರೆಯುವುದು. ಎರಡು ಕೋಣೆಯ ಕಟ್ಟಡ, ಮುಂದೆ ಮೂರು ಮೆಟ್ಟಿಲು, ಸಿಮೆಂಟಿನ ಜಗಲಿ. ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಹೆಂಗಸರು ಹಾಲು ತರುತ್ತಾರೆ. ತಂದ ಹಾಲನ್ನು ಯಂತ್ರಕ್ಕೆ ಹಾಕಿದರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಪದಾರ್ಥ ಎಷ್ಟು, ಎಂದು ಅಂಕಿ ತೋರಿಸುತ್ತದೆ. ನೀರು ಬೆರೆತಿದ್ದರೂ ಹಿಡಿಯುತ್ತದೆ. ಆದರೆ ಯಂತ್ರಕ್ಕೆ ವಾಸನೆ ಗೊತ್ತಿಲ್ಲ. ಹುಳಿಗೆ ತಿರುಗುತ್ತಿರುವ ಹಾಲು, ಸೀಮೆಎಣ್ಣೆ ಸೋಕಿದ ಪಾತ್ರೆ, ಔಷಧಿ ಕೊಟ್ಟ ಹಸುವಿನ ಹಾಲು, ಇವನ್ನು ಹಿಡಿಯುವುದು ಮೂಗು ಮಾತ್ರ. ಅಂಥ ಒಂದು ಪಾತ್ರೆ ಕ್ಯಾನಿಗೆ ಸೇರಿದರೆ ನಲವತ್ತು ಲೀಟರಿನ ಕ್ಯಾನ್ ಪೂರ್ತಿ ಹಾಳು. ಶೀತಲೀಕರಣ ಕೇಂದ್ರದವರು ಮುಚ್ಚಳ ತೆಗೆದು, ಮುಖ ಸಿಂಡರಿಸಿ, ಹಾಗೇ ವಾಪಸ್ ಕಳಿಸುತ್ತಾರೆ.

ಆ ಮೂಗು ನಮ್ಮ ಸಂಘದ ಪರೀಕ್ಷಕಿ ಚಿಕ್ಕತಾಯಮ್ಮನದು. ಐವತ್ತು ದಾಟಿದ ವಿಧವೆ, ಕಡ್ಡಿಯಂತೆ ನೆಟ್ಟಗಿದ್ದ ಹೆಂಗಸು. ಪಾತ್ರೆಯ ಬಾಯಿಗೆ ಮುಖ ತಂದು ಒಂದೇ ಉಸಿರು ಎಳೆಯುತ್ತಿದ್ದಳು. ಆಮೇಲೆ ತೀರ್ಪು. "ನಿಮ್ಮಸ ನೆನ್ನೆ ಬೇವಿನ್ ಸೊಪ್ಪು ತಿಂದೈತೆ ಕಣವ್ವ." "ಏ, ಕೊಟ್ಗೆಲಿ ಒಗೆ ಆಕಿದ್ದೀಯ, ಆಲು ಪೂರ್ತಿ ಒಗೆ." ಯಾರಿಗೂ ಬಿಡುತ್ತಿರಲಿಲ್ಲ. ಹೆಂಗಸರು ಬೈದುಕೊಳ್ಳುತ್ತಿದ್ದರು, ಆದರೆ ಅವಳ ಮೂಗನ್ನು ಅಲ್ಲಗಳೆದವರಿಲ್ಲ. ಅವಳಿದ್ದಷ್ಟು ವರ್ಷ ನಮ್ಮ ಒಂದು ಕ್ಯಾನೂ ತಿರುಗಿ ಬಂದಿರಲಿಲ್ಲ.

ಕೊರೋನಾದ ಎರಡನೆಯ ಅಲೆ ನಮ್ಮೂರಿಗೆ ಸದ್ದಿಲ್ಲದೆ ಬಂತು. ಮೊದಲು ಒಂದು ಮನೆ, ಆಮೇಲೆ ಅದರ ಹಿಂದಿನ ಮನೆ, ಆಮೇಲೆ ಬೀದಿಗೆ ಬೀದಿ. ಪಂಚಾಯ್ತಿಯ ಕಾರ್ಯಪಡೆ ಊರನ್ನು ಕಂಟೈನ್‌ಮೆಂಟ್ ವಲಯ ಎಂದು ಸಾರಿ, ರಸ್ತೆಗೆ ಅಡ್ಡಲಾಗಿ ಸರ್ವೆ ಮರದ ಬೊಂಬು ಕಟ್ಟಿತು. ಹಾಲು ಅಗತ್ಯ ವಸ್ತು, ರಾಜ್ಯದಲ್ಲೆಲ್ಲ ಅದಕ್ಕೆ ತಡೆ ಇರಲಿಲ್ಲ. ಆದರೆ ದಿನಕ್ಕೆರಡು ಸಲ ಊರಿನ ಹೆಂಗಸರೆಲ್ಲ ಒಂದೇ ಜಗಲಿಯಲ್ಲಿ ನೆರೆಯುವ ಜಾಗ ಅದೊಂದೇ ಎಂದು ನಮ್ಮ ಡೈರಿಗೆ ಬೀಗ ಬಿತ್ತು. ಹಾಲಿನ ಗಾಡಿ ಬೊಂಬಿನ ಆಚೆಯಿಂದಲೇ ಹಾರ್ನ್ ಹೊಡೆದು ಹೋಯಿತು.

ಹಸುವಿಗೆ ಬೀಗ ಹಾಕಲಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಬಾವು ಬರುತ್ತದೆ, ಹಸುವೇ ಕೈಬಿಟ್ಟುಹೋಗಬಹುದು. ಹಾಗಾಗಿ ಕರೆಯಲೇಬೇಕು, ಕರೆದದ್ದನ್ನು ಚೆಲ್ಲಲೇಬೇಕು. ಮೊದಲ ಎರಡು ದಿನ ಎಲ್ಲರ ಮನೆಯಲ್ಲೂ ತುಪ್ಪ, ಕೋವಾ, ಪಾಯಸ. ಮೂರನೆಯ ದಿನದಿಂದ ನಾಲೆಯ ಅಂಚು ಬಿಳಿ. ಬಿಸಿಲಿಗೆ ಅದು ಹುಳಿತು ನಾರುವ ವಾಸನೆ ನಮ್ಮ ಅಡುಗೆಮನೆಯ ಕಿಟಕಿವರೆಗೂ ಬರುತ್ತಿತ್ತು.

ಏಳನೆಯ ದಿನ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಇಪ್ಪತ್ತು ಮೂವತ್ತು ಹೆಂಗಸರು. ಮುಂದೆ ನಿಂತಿದ್ದವಳು ರತ್ನ. ಅವಳ ಗಂಡ ಮಳವಳ್ಳಿ–ಮದ್ದೂರು ಖಾಸಗಿ ಬಸ್ಸಿನ ಡ್ರೈವರ್. ಬಸ್ಸುಗಳು ನಿಂತು ತಿಂಗಳಾಗುತ್ತ ಬಂದಿತ್ತು. ಆ ಮನೆಗೆ ಉಳಿದಿದ್ದ ಆಧಾರ ಎರಡು ಹಸು.

"ನಿಮ್ಮಟ್ಟಿಲಿ ಗದ್ದೆ ಅದೆ, ಕಬ್ಬದೆ. ನೀವು ಬಾಗ್ಲಾಕಂಡು ಕೂತ್ಕಬೌದು," ಎಂದಳು ರತ್ನ. "ನಾನೇನ್ ಮಾಡ್ಲಿ? ಆಲ್ನ ನಾಲೆಗೆ ಉಯ್ದು, ನಾಲೆ ನೀರ್ನ ಮಕ್ಳಿಗೆ ಕುಡುಸ್ಲಾ?"

"ಕಾಯಿಲೆ ಇದೆಯಲ್ಲ ರತ್ನ, ಸ್ವಲ್ಪ ದಿನ..."

"ಕಾಯ್ಲೆ ಬಂದ್ರೆ ಸಾಯ್ತೀವೋ ಬದುಕ್ತೀವೋ, ಗೊತ್ತಿಲ್ಲ. ಬೂಸ ತರಕ್ಕಾಗ್ದೆ ಅಸ ಸಾಯೋದಂತೂ ಗ್ಯಾರಂಟಿ. ಅಧ್ಯಕ್ಸೆ ಅಂತ ಕೂರ್ಸಿರೋದು ಯಾತಕ್ಕೆ? ಓಗಿ, ಮಾತಾಡಿ!"

ಹಿಂದಿನಿಂದ ಯಾರೋ ಸೇರಿಸಿದರು: "ಇಂಗ್ಲೀಸ್ನಲ್ಲಾದ್ರೂ ಮಾತಾಡಿ, ತಾಯಿ!"

ಹೋದೆ. ಪಂಚಾಯ್ತಿ ಕಚೇರಿಯ ಅಂಗಳದಲ್ಲಿ, ಹೊಂಗೆಮರದ ಕೆಳಗೆ, ದೂರದೂರ ಕುರ್ಚಿ ಹಾಕಿ ಸಭೆ. ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಆರೋಗ್ಯ ಕೇಂದ್ರದ ವೈದ್ಯೆ ಇನ್ನೂ ಮೂವತ್ತರೊಳಗಿನ ಹುಡುಗಿ. ಮಾಸ್ಕಿನ ಪಟ್ಟಿ ಕೊರೆದು ಕಿವಿಯ ಹಿಂದೆ ಗಾಯವಾಗಿ, ಅದಕ್ಕೆ ಹತ್ತಿ ಇಟ್ಟುಕೊಂಡಿದ್ದರು. ಅವರ ಮುಂದೆ ನಮ್ಮೂರಿನ ಸೋಂಕಿತರ ಪಟ್ಟಿ.

"ಈ ಪಟ್ಟಿ ಹಿಡ್ಕೊಂಡು ಡೈರಿ ತೆಗೀರಿ ಅಂತ ನಾನು ಹೇಗೆ ಹೇಳಲಿ ಮೇಡಂ? ಮಂಡ್ಯದಲ್ಲಿ ಬೆಡ್ ಇಲ್ಲ. ನಿಮ್ಮೂರಿಂದ ಇನ್ನೂ ನಾಲ್ಕು ಜನ ಬಂದ್ರೆ ನಾನು ಅವರನ್ನ ಎಲ್ಲಿ ಮಲಗಿಸಲಿ?"

"ತೆಗೀದೇ ಇದ್ರೆ ಅವರು ನಾಳೆಯಿಂದ ಕದ್ದು ಹಾಲು ಮಾರೋಕೆ ಶುರು ಮಾಡ್ತಾರೆ ಡಾಕ್ಟ್ರೇ," ಎಂದೆ. "ಹೊಲದ ದಾರೀಲಿ ಪಕ್ಕದೂರಿಗೆ ಹೋಗ್ತಾರೆ. ಆಗ ಯಾರು ಎಲ್ಲಿ ಹೋದ್ರು, ಯಾರನ್ನ ಮುಟ್ಟಿದ್ರು, ನಿಮಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ಡೈರೀಲಾದ್ರೆ ನಮ್ಮ ಕಣ್ಣೆದುರಿಗೆ ಇರ್ತಾರೆ."

ಇದು ನಾನು ಜೀವನದಲ್ಲಿ ಒಬ್ಬ ಅಧಿಕಾರಿಯ ಎದುರು ಆಡಿದ ಅತಿ ಉದ್ದದ ಮಾತು. ಎರಡು ಗಂಟೆ ಎಳೆದಾಡಿ ಒಂದು ಪುಟದ ಷರತ್ತು ತಯಾರಾಯಿತು. ಮಾಸ್ಕ್ ಕಡ್ಡಾಯ. ಸುಣ್ಣದ ವೃತ್ತದೊಳಗೆ ನಿಲ್ಲಬೇಕು. ಬೀದಿಗೊಂದು ಸರದಿ. ಹಾಲು ತೆಗೆದುಕೊಳ್ಳುವ ಕಿಟಕಿಯಿಂದ ಮೂರಡಿ ದೂರಕ್ಕೆ ಹಗ್ಗ ಕಟ್ಟಬೇಕು. ಪಾತ್ರೆಯನ್ನು ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯಬೇಕು. ಎಲ್ಲರ ಜ್ವರ ಅಳೆಯಬೇಕು.

"ಆ ಮೂಸಿ ನೋಡೋದು ಬೇಡ," ಎಂದರು ವೈದ್ಯೆ. "ಮಾಸ್ಕ್ ಇಳಿಸಿ ಎಲ್ಲರ ಪಾತ್ರೆಗೂ ಮುಖ ಇಡೋದು ಅಂದ್ರೇನು!"

ನಾನು ಬಿಡಲಿಲ್ಲ. ಮೂಸದೆ ತೆಗೆದುಕೊಂಡರೆ ಕ್ಯಾನ್ ವಾಪಸ್ ಬರುತ್ತದೆ, ತೆರೆದೂ ಪ್ರಯೋಜನವಿಲ್ಲ ಎಂದು ವಾದಿಸಿದೆ. ಕೊನೆಗೆ ಅವರು ಸೋತು ಕೈ ಬೀಸಿದರು. ಕಾಗದ ನನ್ನ ಕೈಬರಹದಲ್ಲಿತ್ತು. ಮಾಸ್ಕಿನ ಸಾಲಿನ ಮುಂದೆ ನಾನೇ ಬರೆದೆ: 'ಪರೀಕ್ಷಕಿಯನ್ನು ಹೊರತುಪಡಿಸಿ.' ಕೆಳಗೆ ವೈದ್ಯೆ ಒಂದು ಸಾಲು ಸೇರಿಸಿದರು: ಯಾರಲ್ಲೇ ಆಗಲಿ ಲಕ್ಷಣ ಕಂಡ ಕೂಡಲೇ ಕೇಂದ್ರವನ್ನು ಮುಚ್ಚುವ ಹೊಣೆ ಅಧ್ಯಕ್ಷೆಯದು. ಸಹಿ ಹಾಕಿದೆ. ಪಿಡಿಒ ಬೀಗದ ಕೈಯನ್ನು ನನ್ನತ್ತ ತಳ್ಳಿದರು. "ಏನಾದ್ರೂ ಆದ್ರೆ ನನ್ನ ಹೆಸರು ಬರಬಾರದು," ಎಂದರು. ಆ ಸಭೆಯಲ್ಲಿ ಅವರು ಆಡಿದ ಮಾತು ಅದೊಂದೇ ಎಂದು ನೆನಪು.

ಹತ್ತನೆಯ ದಿನ ಡೈರಿ ತೆರೆಯಿತು. ಆರತಿ ಬೆಳಗುತ್ತಾರೆ ಎಂದುಕೊಂಡಿದ್ದರೆ ಅದು ನನ್ನ ಮೂರ್ಖತನ. ತೆರೆಯದಿದ್ದಾಗ ಬೈದವರು ತೆರೆದ ಮೇಲೂ ಬೈದರು. ವೃತ್ತ ಸಣ್ಣದಾಯಿತು ಎಂದು, ಸರದಿ ಮೇಲಿನ ಬೀದಿಗೆ ಮೊದಲು ಕೊಟ್ಟಿರಿ ಎಂದು, ಜ್ವರ ಅಳೆಯುವ ಯಂತ್ರವನ್ನು ಹಣೆಗೆ ಹಿಡಿದಾಗ "ನಮ್ಮುನ್ನೇನು ಕಳ್ರು ಅನ್ಕಂಡಿದ್ದೀರಾ?" ಎಂದು. ನಾನು ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಹಿಡಿದು ನಿಲ್ಲುತ್ತಿದ್ದೆ. ಕೈ ಚಾಚುವಾಗ ಕೆಲವರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ನಾಲ್ಕನೆಯ ಬೆಳಿಗ್ಗೆ ರತ್ನ ಪಾತ್ರೆ ಹಿಡಿದು ನನ್ನ ಪಕ್ಕದಲ್ಲೇ ಹಾದುಹೋದಳು. ಮಾಸ್ಕಿನೊಳಗೂ ನನ್ನ ಮೂಗಿಗೆ ಬ್ಲೀಚಿಂಗ್ ಪೌಡರಿನ ಘಾಟು ಹೊಡೆಯಿತು. ಪಂಚಾಯ್ತಿಯವರು ಬೀದಿಗೆಲ್ಲ ಎರಚುತ್ತಿದ್ದ ಪುಡಿ ಅದು. ಕಾಯಿಲೆಯ ಭಯಕ್ಕೆ ಅವಳು ಅದರಲ್ಲೇ ಪಾತ್ರೆ ತೊಳೆದಿದ್ದಾಳೆ ಎಂದು ಗೊತ್ತಾಯಿತು. ಚಿಕ್ಕತಾಯಮ್ಮ ಈಗ ಕೂಗುತ್ತಾಳೆ ಎಂದು ಕಾದೆ. ಅವಳು ಮಾಸ್ಕ್ ಇಳಿಸಿದಳು, ಪಾತ್ರೆಯ ಬಾಯಿಗೆ ಮುಖ ತಂದಳು, ಉಸಿರು ಎಳೆದಳು. ತಲೆಯಾಡಿಸಿ ಹಾಲನ್ನು ಕ್ಯಾನಿಗೆ ಹಾಕಿದಳು.

ಘಾಟು ಬೀದಿಯದೇ ಇರಬಹುದು ಎಂದುಕೊಂಡೆ. ಆದರೆ ನಿಂತು ನೋಡುತ್ತಿದ್ದ ಹಾಗೆ ಇನ್ನೊಂದು ಸಂಗತಿ ಮನಸ್ಸಿಗೆ ಬಂತು. ಆ ಬೆಳಿಗ್ಗೆ ಅವಳು ಯಾರ ಹಸು ಏನು ತಿಂದಿದೆ ಎಂದು ಒಬ್ಬರಿಗೂ ಹೇಳಿರಲಿಲ್ಲ. ಬೇವು ಇಲ್ಲ, ಹೊಗೆ ಇಲ್ಲ, ಬೈಗುಳ ಇಲ್ಲ. ಒಂದೇ ಸಮನೆ ಮೂಸುವುದು, ತಲೆಯಾಡಿಸುವುದು. ಜ್ವರದ ಯಂತ್ರ ಅವಳ ಹಣೆಯ ಮೇಲೆ ಹಸಿರು ಅಂಕಿಯನ್ನೇ ತೋರಿಸಿತ್ತು.

ಸರದಿ ಮುಗಿದ ಮೇಲೆ ಕ್ಯಾನ್ ತೊಳೆಯುತ್ತಿದ್ದವಳ ಹತ್ತಿರ ಹೋಗಿ, "ಚಿಕ್ಕತಾಯಮ್ಮ, ಆರಾಮಾಗಿದ್ದೀರಾ?" ಎಂದೆ.

"ನಂಗೇನ್ ಬಂದದೆ? ಗುಂಡ್ಕಲ್ಲಂಗಿವ್ನಿ," ಎಂದಳು. ತಿರುಗಿ ನೋಡಲಿಲ್ಲ.

ಅಲ್ಲಿಗೆ ನಿಲ್ಲಿಸಿದೆ. ನಿಮಗೆ ವಾಸನೆ ಬರುತ್ತಿದೆಯೋ ಇಲ್ಲವೋ ಎಂದು ನೇರವಾಗಿ ಕೇಳಲು ನನ್ನಿಂದಾಗಲಿಲ್ಲ. ಎದುರಿನವರಿಗೆ ನೋವಾಗುವ ಪ್ರಶ್ನೆಯನ್ನು ಕೇಳಬಾರದು ಎಂದು ಸಿಸ್ಟರುಗಳು ಕಲಿಸಿದ್ದರು. ಅವಳ ಇಡೀ ಮರ್ಯಾದೆ ಇದ್ದದ್ದು ಆ ಮೂಗಿನಲ್ಲಿ. ಅದನ್ನು ಹೇಗೆ ಪ್ರಶ್ನಿಸುವುದು? ಇದು ನಾನು ನನಗೆ ಕೊಟ್ಟುಕೊಂಡ ಸಮಾಧಾನ. ನಿಜ ಇನ್ನೊಂದಿತ್ತು. ಕೇಳಿದರೆ ಉತ್ತರ ಸಿಗುತ್ತಿತ್ತು. ಉತ್ತರ ಸಿಕ್ಕರೆ ಆ ಕ್ಷಣವೇ ಬೀಗ ಹಾಕಬೇಕಿತ್ತು. ಅಷ್ಟು ಜಗಳವಾಡಿ ತೆಗೆಸಿದ ಬಾಗಿಲು, ತೆರೆದು ನಾಲ್ಕು ದಿನ. ರತ್ನನ ಮುಖಕ್ಕೆ ಏನು ಹೇಳಲಿ?

ಮನೆಗೆ ಬಂದು ಷರತ್ತಿನ ಕಾಗದ ತೆಗೆದು ಓದಿದೆ. 'ಪರೀಕ್ಷಕಿಯನ್ನು ಹೊರತುಪಡಿಸಿ.' ಅಕ್ಷರ ದುಂಡಗಿತ್ತು. ಇಡೀ ಊರಿನಲ್ಲಿ ಪ್ರತಿಯೊಂದು ಮನೆಯ ಪಾತ್ರೆಗೂ ದಿನಕ್ಕೆರಡು ಸಲ ಮಾಸ್ಕಿಲ್ಲದೆ ಬಾಗುವ ಒಬ್ಬಳೇ ಒಬ್ಬಳು, ನಿಯಮದಿಂದ ನಾನು ಹೊರಗಿಟ್ಟವಳು.

ಮಧ್ಯಾಹ್ನದ ಹೊತ್ತಿಗೆ ನನಗೊಂದು ಉಪಾಯ ಹೊಳೆಯಿತು. ಅಡುಗೆಮನೆಯವಳಿಗೆ ಹೊಳೆಯುವಂಥದೇ. ಅನುಮಾನವನ್ನು ಬಾಯಲ್ಲಿ ಹೇಳುವ ಬದಲು ಪರೀಕ್ಷೆ ಮಾಡಿ ನೋಡೋಣ, ಸುಳ್ಳಾದರೆ ಯಾರಿಗೂ ನೋವಿಲ್ಲ. ಸಂಜೆ ನಮ್ಮ ಮನೆಯ ಹಾಲಿನಲ್ಲಿ ಅರ್ಧ ಲೀಟರನ್ನು ಸಣ್ಣ ಪಾತ್ರೆಗೆ ತೆಗೆದು, ಬಿಸಿನೀರಿನಲ್ಲಿ ಕದಡಿದ ಇಂಗನ್ನು ಬೆರೆಸಿದೆ. ಗಟ್ಟಿ ಇಂಗು, ಬೀದಿಯ ತುದಿಗೂ ಬರುವಂಥ ವಾಸನೆ. ಅವಳು ಹಿಡಿದರೆ "ಅಯ್ಯೋ, ಸಾರಿನ ಪಾತ್ರೆ ತಂದುಬಿಟ್ಟೆ" ಎಂದು ನಕ್ಕು ವಾಪಸ್ ತರುವುದು. ಹಿಡಿಯದಿದ್ದರೆ ಅವಳು ಸುರಿಯುವ ಮೊದಲೇ ಪಾತ್ರೆ ಎತ್ತಿಕೊಂಡು, ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳುವುದು.

ಅಡುಗೆಮನೆಯ ಬಾಗಿಲಲ್ಲಿ ನಮ್ಮತ್ತೆ ನಿಂತಿದ್ದರು. "ಒಲೆ ಮ್ಯಾಲೆ ಸಾರಿಲ್ಲ, ಇಂಗ್ಯಾಕ್ ತೆಗ್ದೆ?" ಎಂದರು. ನಾನು ಪಾತ್ರೆಗೆ ಮುಚ್ಚಳ ಒತ್ತಿ ಹೊರಟೆ.

ಐದೂಮುಕ್ಕಾಲು. ನನ್ನ ಹಿಂದಿನ ವೃತ್ತದಲ್ಲಿ ರತ್ನ, ಅವಳ ಹಿಂದೆ ಕೆಳಗಿನ ಬೀದಿಯ ಅರ್ಧ ಸಾಲು. ಪಾತ್ರೆಯನ್ನು ಸ್ಟೂಲಿನ ಮೇಲಿಟ್ಟು ಹಗ್ಗದ ಈಚೆ ಸರಿದೆ. ಚಿಕ್ಕತಾಯಮ್ಮ ಎತ್ತಿಕೊಂಡು ಮುಚ್ಚಳ ತೆಗೆದಳು, ಮಾಸ್ಕ್ ಇಳಿಸಿದಳು, ಬಾಗಿ ಉಸಿರು ಎಳೆದಳು. ನನ್ನ ಮುಖ ನೋಡಿ, "ಸಂದಾಗೈತೆ ಕಣಮ್ಮ," ಎಂದಳು.

ಆ ಕ್ಷಣಕ್ಕೆ ಕೈ ಚಾಚಿದೆ. ಸ್ಯಾಂಪಲ್ ತೆಗೆಯುವುದು, ತೂಕದ ಪಾತ್ರೆಗೆ ಹಾಕುವುದು, ಅಲ್ಲಿಂದ ಕ್ಯಾನಿಗೆ ಬಗ್ಗಿಸುವುದು, ಮೂರೂ ಅವಳ ಕೈಯಲ್ಲಿ ಒಂದೇ ಕೆಲಸದಂತೆ ಮುಗಿಯುತ್ತವೆ ಎಂಬುದನ್ನು ಇಷ್ಟು ವರ್ಷ ನೋಡಿದವಳು ನಾನು. ಅದನ್ನೇ ಮರೆತಿದ್ದೆ. ಮೂರಡಿ ದೂರಕ್ಕೆ ನಾನೇ ಕಟ್ಟಿಸಿದ ಹಗ್ಗ ಹೊಟ್ಟೆಗೆ ತಗುಲಿತು. "ಬೇಡ, ಬೇಡ" ಎನ್ನುವಷ್ಟರಲ್ಲಿ ಹಾಲು ಕ್ಯಾನಿನೊಳಗಿತ್ತು. ಮುಕ್ಕಾಲು ತುಂಬಿದ್ದ ಕ್ಯಾನ್. ಇಡೀ ಮೇಲಿನ ಬೀದಿಯ ಸಂಜೆಯ ಹಾಲು.

"ಥೂ, ಇದೇನ್ ವಾಸ್ನೆ?" ಎಂದಳು ಹಿಂದಿದ್ದ ರತ್ನ. ಹಗ್ಗದ ಹತ್ತಿರ ಬಂದು ಮಾಸ್ಕಿನ ಮೇಲೆ ಸೆರಗು ಹಿಡಿದಳು. "ಇಂಗು! ಆಲ್ನಲ್ಲಿ ಇಂಗು! ಯಾರ್ದು?"

ಚಿಕ್ಕತಾಯಮ್ಮ ಕ್ಯಾನಿನ ಬಾಯಿಗೆ ಮುಖ ತಂದಳು. ಒಂದು ಸಲ, ಎರಡು ಸಲ. ಮೂರನೆಯ ಸಲ ತಲೆ ಎತ್ತಿದಾಗ ಅವಳ ಕಣ್ಣು ನನ್ನ ಮೇಲಿತ್ತು.

"ನನ್ ಮೂಗ್ನ ಪರೀಕ್ಸೆ ಮಾಡಕ್ಕೆ ಆಕುದ್ರಾ?" ಎಂದಳು. ದನಿ ಏರಿರಲಿಲ್ಲ.

"ಚಿಕ್ಕತಾಯಮ್ಮ, ನಿಮಗೆ ವಾಸನೆ ಬರ್ತಿಲ್ಲ. ಅದು ಕಾಯಿಲೆ ಲಕ್ಷಣ. ನೀವು ಡಾಕ್ಟ್ರ ಹತ್ರ..."

"ಆಕುದ್ರಾ, ಇಲ್ವಾ?"

"ಹಾಕಿದೆ."

ಆಮೇಲೆ ಯಾರು ಏನೆಂದರು ಎಂದು ಬಿಡಿಸಿ ಹೇಳಲಾರೆ. ಜಗಲಿಯ ಮೇಲಿದ್ದ ಬಾಯಿಗಳೆಲ್ಲ ಒಟ್ಟಿಗೆ ತೆರೆದವು. ನೀರು ಬೆರೆಸಿದರೆ ದಂಡ ಹಾಕುವ ಅಧ್ಯಕ್ಷೆಯೇ ಹಾಲು ಕೆಡಿಸಿದಳು ಎಂದರು. ಮೇಲಿನ ಬೀದಿಯ ಹಾಲನ್ನೇ ನೋಡಿ ಕೆಡಿಸಿದಳು ಎಂದರು. ಚಿಕ್ಕತಾಯಮ್ಮನ ಕೆಲಸ ತೆಗೆದು ತನ್ನ ಕಡೆಯವರನ್ನು ಹಾಕಲು ಆಡಿದ ಆಟ ಎಂದರು. ಕಾಯಿಲೆಯ ಮಾತು ಯಾರ ಕಿವಿಗೂ ಹೋಗಲಿಲ್ಲ. ನಾನು ಒಳಗೆ ಹೋಗಿ, ಲೆಕ್ಕ ಬರೆಯುತ್ತಿದ್ದ ಸಂಘದ ಕಾರ್ಯದರ್ಶಿಯನ್ನೂ ಚಿಕ್ಕತಾಯಮ್ಮನನ್ನೂ ಹೊರಗೆ ಕಳಿಸಿ, ಬಾಗಿಲು ಎಳೆದು ಬೀಗ ಹಾಕಿದೆ. ವೃತ್ತಗಳಲ್ಲಿ ಹದಿನೇಳು ಹೆಂಗಸರು ತುಂಬಿದ ಪಾತ್ರೆ ಹಿಡಿದು ಹಾಗೇ ನಿಂತಿದ್ದರು. ಎಣಿಸಿದ್ದು ಯಾಕೋ ಗೊತ್ತಿಲ್ಲ, ಅಂಥ ಹೊತ್ತಿನಲ್ಲಿ ನಾನು ಎಣಿಸುತ್ತೇನೆ.

ರತ್ನ ಮೆಟ್ಟಿಲಿನ ಹತ್ತಿರ ಬಂದಳು. ಪಾತ್ರೆಯನ್ನು ನಿಧಾನವಾಗಿ ಬಗ್ಗಿಸಿ, ಎರಡು ಹಸುವಿನ ಹಾಲನ್ನು ನನ್ನ ಕಾಲಿನ ಮೇಲೆ ಸುರಿದಳು. ಹಾಲು ಇನ್ನೂ ಬೆಚ್ಚಗಿತ್ತು.

"ತಗಳಿ, ಇದುಕ್ಕೂ ಇಂಗಾಕಳಿ," ಎಂದಳು.

ಜಗಲಿಯಿಂದಲೇ ವೈದ್ಯೆಗೆ ಫೋನ್ ಮಾಡಿದೆ. ಮಾರನೆಯ ಬೆಳಿಗ್ಗೆ ತಂಡ ಬಂದು ಮೂಗಿನ ದ್ರವ ತೆಗೆದುಕೊಂಡು ಹೋಯಿತು. ಫಲಿತಾಂಶ ಬರುವ ಹೊತ್ತಿಗೆ ಚಿಕ್ಕತಾಯಮ್ಮ ಮಾತಾಡುವಾಗ ಏದುಸಿರು ಬಿಡುತ್ತಿದ್ದಳು. ಪಾಸಿಟಿವ್. ಪಕ್ಕದಲ್ಲೇ ಕೂತು ಬರೆಯುತ್ತಿದ್ದ ಕಾರ್ಯದರ್ಶಿಗೂ ಪಾಸಿಟಿವ್, ವಾರದೊಳಗೆ ಹಾಲು ಹಾಕುವವರಲ್ಲಿ ಇನ್ನು ಮೂವರಿಗೆ ಕೂಡ. ಚಿಕ್ಕತಾಯಮ್ಮನನ್ನು ಮಂಡ್ಯಕ್ಕೆ ಒಯ್ಯಲು ಬಂದ ಆಂಬುಲೆನ್ಸ್ ಬೊಂಬಿನ ಆಚೆ ನಿಂತಿತ್ತು. ಅವಳು ಕೈಚೀಲ ಹಿಡಿದು ಬೀದಿಯುದ್ದಕ್ಕೂ ಒಬ್ಬಳೇ ನಡೆದು ಹೋದಳು. ಮನೆಮನೆಯ ಕಿಟಕಿಯಲ್ಲೂ ಮುಖ, ಬಾಗಿಲಲ್ಲಿ ಒಂದೂ ಇಲ್ಲ.

ವೈದ್ಯೆ ಫೋನಿನಲ್ಲಿ ಎಲ್ಲ ಕೇಳಿದರು. ಇಂಗಿನ ವಿಷಯಕ್ಕೆ ನಗಲಿಲ್ಲ, ಬೈಯಲೂ ಇಲ್ಲ. ಒಂದೇ ಪ್ರಶ್ನೆ. "ನಿಮಗೆ ಅನುಮಾನ ಬಂದಿದ್ದು ಬೆಳಿಗ್ಗೆ ಅಲ್ವಾ ಮೇಡಂ? ಫೋನ್ ಮಾಡಿದ್ದು ಸಂಜೆ."

ಬೆಳಗಿನಿಂದ ಸಂಜೆಯವರೆಗೆ ಹತ್ತು ಗಂಟೆ. ಸಂಜೆಯ ಸರದಿಯಲ್ಲಿ, ನಾನು ಬೀಗ ಹಾಕುವ ಮೊದಲು, ಇಡೀ ಮೇಲಿನ ಬೀದಿ ಬಂದು ಹೋಗಿತ್ತು. ಆ ಮೂವರಲ್ಲಿ ಇಬ್ಬರು ಮೇಲಿನ ಬೀದಿಯವರು. ಅವರಿಗೆ ಆ ಸಂಜೆಯೇ ತಗುಲಿತೋ, ಮೊದಲೇ ತಗುಲಿತ್ತೋ, ಯಾರೂ ಹೇಳಲಾರರು. ವೈದ್ಯೆಯನ್ನೂ ಕೇಳಿದ್ದೆ. "ಗೊತ್ತಾಗಲ್ಲ," ಎಂದರು. ಇಬ್ಬರೂ ಗುಣವಾದರು. ಅದು ನನ್ನ ಪುಣ್ಯ, ನನ್ನ ಜಾಣತನವಲ್ಲ.

ಡೈರಿ ಮತ್ತೆ ಹದಿನಾಲ್ಕು ದಿನ ಮುಚ್ಚಿತು. ನಾಲೆ ಮತ್ತೆ ಬಿಳಿಯಾಯಿತು. ಈ ಸಲ ಹಾಲನ್ನು ನಾಲೆಯವರೆಗೆ ಒಯ್ಯುವ ಶ್ರಮವನ್ನೂ ಕೆಲವರು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಗೇಟಿನ ಮುಂದೆ ಹಾಲು, ಇರುವೆ, ನೊಣ. ನಾನು ನೀರು ಹಾಕಿ ತೊಳೆಯುತ್ತಿದ್ದೆ, ರಂಗೋಲಿ ಬಿಡುತ್ತಿದ್ದೆ. ಮರುದಿನ ಮತ್ತೆ. ಕಬ್ಬಿಗೆ ಕಳೆ ತೆಗೆಯಲು ಒಬ್ಬರೂ ಬರಲಿಲ್ಲ. ಹೂವಿನವಳು ನಮ್ಮ ಮನೆ ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದಳು. ಯಜಮಾನರು ಹೆಚ್ಚು ಮಾತಾಡುವವರಲ್ಲ. "ಇಷ್ಟೆಲ್ಲ ಬೇಕಿತ್ತಾ?" ಎಂದರು ಒಂದು ದಿನ, ತಟ್ಟೆಯಿಂದ ತಲೆ ಎತ್ತದೆ. ನಮ್ಮತ್ತೆ ಊರಿಗೆಲ್ಲ ಹೇಳಿದ್ದರು: "ನಾನು ಕಣ್ಣಾರೆ ಕಂಡೆ, ಒಲೆ ಮ್ಯಾಲೆ ಸಾರಿರ್ಲಿಲ್ಲ." ಹೊರಗಿನ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

ಲಾಕ್‌ಡೌನ್ ಸಡಿಲವಾದ ಮೇಲೆ ನನ್ನ ಮೇಲೆ ಸಹಕಾರ ಇಲಾಖೆಗೆ ಅರ್ಜಿ ಹೋಯಿತು. ಸಹಿ, ಹೆಬ್ಬೆಟ್ಟು ಸೇರಿ ಎರಡು ಪುಟ. ವಿಚಾರಣೆಗೆ ಬಂದ ಅಧಿಕಾರಿ ಅದೇ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಕನ್ನಡಕ ಒರೆಸಿ ಕೇಳಿದರು. "ಸಂಘದ ಹಾಲಿಗೆ ತಾವು ಇಂಗು ಬೆರೆಸಿದ್ದು ನಿಜವೇ?"

"ನಿಜ."

"ಉದ್ದೇಶಪೂರ್ವಕವಾಗಿ?"

"ಹೌದು."

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಇಂಥ ಉತ್ತರ ಅವರಿಗೆ ಅಭ್ಯಾಸವಿರಲಿಲ್ಲ ಎನಿಸುತ್ತದೆ. ವೈದ್ಯೆ ನನ್ನ ಪರವಾಗಿ ಒಂದು ಪತ್ರ ಕೊಟ್ಟಿದ್ದರು. ಡೈರಿ ಇನ್ನೊಂದು ವಾರ ತೆರೆದಿದ್ದರೆ ಊರಿನ ಸ್ಥಿತಿ ಬೇರೆಯೇ ಆಗುತ್ತಿತ್ತು ಎಂದು. ಅಧಿಕಾರಿ ಅದನ್ನು ಓದಿ ಕಡತಕ್ಕೆ ಸೇರಿಸಿದರು. ಆದರೂ ಕಲಬೆರಕೆಗೆ ಬೈಲಾದಲ್ಲಿ ವಿನಾಯಿತಿ ಇರಲಿಲ್ಲ. ನಾನೇ ರಾಜೀನಾಮೆ ಬರೆದುಕೊಟ್ಟೆ. ಹಿಂದಿನಿಂದ ಯಾರೋ, "ಇಂಗ್ಲೀಸ್ನಲ್ಲಿ ಬರ್ದವ್ಳಾ ನೋಡ್ಲಾ," ಎಂದರು. ಕನ್ನಡದಲ್ಲೇ ಬರೆದಿದ್ದೆ.

ಚಿಕ್ಕತಾಯಮ್ಮ ಹದಿನೆಂಟು ದಿನ ಮಂಡ್ಯದಲ್ಲಿದ್ದು, ಅದರಲ್ಲಿ ಆರು ದಿನ ಆಮ್ಲಜನಕದ ಮೇಲಿದ್ದು, ಬದುಕಿ ಬಂದಳು. ಮೂಗು ಬರಲಿಲ್ಲ. ಪೂರ್ತಿ ಇಂದಿಗೂ ಬಂದಿಲ್ಲ. ನಾನು ರಾಜೀನಾಮೆ ಕೊಟ್ಟ ಮರುದಿನ ನಮ್ಮ ಗೇಟಿಗೆ ಬಂದಳು. ನಾನು ಕಾಫಿ ತರಲು ತಿರುಗಿದೆ.

"ಕಾಪಿ ಬ್ಯಾಡ, ನೀರೂ ಅದೂ ನಂಗ್ ಒಂದೇಯ. ಒಂದ್ ಮಾತೇಳಕ್ ಬಂದೆ," ಎಂದಳು. "ನನ್ ಮೂಗೂ ಓಯ್ತು, ನಿಮ್ ಕುರ್ಚಿನೂ ಓಯ್ತು. ಇನ್ ನಿಮ್ಗೂ ನಂಗೂ ಏನೂ ಇಲ್ಲ." ಗೇಟು ಹಾಕಿಕೊಂಡು ಹೋದಳು.

ಡೈರಿ ಮತ್ತೆ ತೆರೆದಾಗ ಮೂಸುವವರು ಯಾರು ಎಂಬ ಪ್ರಶ್ನೆ ಬಂತು. ಹೊಸಬಳನ್ನು ನೇಮಿಸಿದರೆ ಮೇಲಿನ ಬೀದಿಯವಳೋ ಕೆಳಗಿನ ಬೀದಿಯವಳೋ ಎಂಬ ಜಗಳ. ಬಗೆಹರಿಸಿದವಳು ರತ್ನ. "ಯಾರ್ ಮೂಗ್ನೂ ನಂಬದ್ ಬ್ಯಾಡ. ಮುಂದ್ಲೋಳ್ ಪಾತ್ರೇನ ಇಂದ್ಲೋಳು ಮೂಸ್ಲಿ. ಅವಳ್ದ ಅವಳ್ ಇಂದ್ಲೋಳು ಮೂಸ್ಲಿ," ಎಂದಳು. ಅಪನಂಬಿಕೆಯಿಂದ ಹುಟ್ಟಿದ ಆ ಪದ್ಧತಿ ಈಗಲೂ ನಡೆಯುತ್ತಿದೆ. ಪಾತ್ರೆ ಸ್ಟೂಲಿನ ಮೇಲೆ, ಹಿಂದಿನವಳು ಬಂದು ಮೂಸುತ್ತಾಳೆ, ಹೇಳುತ್ತಾಳೆ. ಒಬ್ಬರಿಗೊಬ್ಬರು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ. ಕ್ಯಾನ್ ವಾಪಸ್ ಬಂದದ್ದಿಲ್ಲ. ಒಂದು ಮೂಗು ಕೆಟ್ಟರೆ ಹಿಂದೆಯೇ ಇನ್ನೊಂದು ನಿಂತಿರುತ್ತದೆ.

ತೆರೆಯುವುದೋ ಮುಚ್ಚುವುದೋ ಎಂದು ಆ ದಿನಗಳಲ್ಲಿ ಎಲ್ಲರೂ ವಾದಿಸುತ್ತಿದ್ದರು. ನಾನೂ ವಾದಿಸಿದೆ. ತೆರೆದದ್ದು ತಪ್ಪು ಎಂದು ಇಂದಿಗೂ ಅನಿಸಿಲ್ಲ, ಮುಚ್ಚಿದ್ದು ತಪ್ಪು ಎಂದೂ ಇಲ್ಲ. ಆ ಹುದ್ದೆ ನನಗೆ ಕಲಿಸಿದ್ದು ಇವೆರಡರ ನಡುವಿನ ಹತ್ತು ಗಂಟೆಯ ಪಾಠ. ನಿಯಮ ಬರೆಯುವಾಗ ಯಾರನ್ನು ಅದರಿಂದ ಹೊರಗಿಡುತ್ತೇವೋ ಕಣ್ಣು ಮೊದಲು ಅವರ ಮೇಲಿರಬೇಕು. ಬಾಗಿಲು ತೆರೆಸಲು ಜಗಳವಾಡಿದವರಿಗೆ ಅದನ್ನು ಮುಚ್ಚುವುದು ಎಲ್ಲರಿಗಿಂತ ಕಷ್ಟ, ಆದ್ದರಿಂದ ಬೀಗದ ಕೈ ಅವರೊಬ್ಬರ ಹತ್ತಿರವೇ ಇರಬಾರದು. ಮತ್ತು ನನ್ನಂಥವರು ನಯ ಎಂದು ಕರೆದುಕೊಳ್ಳುವುದರಲ್ಲಿ ಅರ್ಧ ಹೇಡಿತನವಿರುತ್ತದೆ. ಮುಖಕ್ಕೆ ಹೊಡೆದಂತೆ ಮಾತಾಡುವ ಊರಿನಲ್ಲಿ ಬಾಳಿ, ಮಾತಾಡಬೇಕಾದ ದಿನ ನಾನು ಇಂಗಿನ ಡಬ್ಬಿ ತೆಗೆದೆ.

ಈಗ ನಾನು ಸಾಮಾನ್ಯ ಸದಸ್ಯೆ. ದಿನಾ ಹಾಲು ಹಾಕುತ್ತೇನೆ. ಚಿಕ್ಕತಾಯಮ್ಮ ಯಂತ್ರದ ಮುಂದೆ ಕೂತಿರುತ್ತಾಳೆ, ಅಂಕಿ ನೋಡಲು ಮೂಗು ಬೇಡವಲ್ಲ. ನನ್ನ ಪಾತ್ರೆ ಸ್ಟೂಲಿಗೆ ಬಂದ ಕೂಡಲೇ ಹಿಂದಿನವಳಿಗೆ ಕೂಗಿ ಹೇಳುತ್ತಾಳೆ: "ಅಮ್ಮಾವ್ರ ಆಲು ಕಣವ್ವ, ಇಂಗ್ ಗಿಂಗ್ ಐತಾ ಸಂದಾಗ್ ಮೂಸು!" ಸಾಲು ನಗುತ್ತದೆ. ಆ ನಗೆಯಲ್ಲಿ ಸ್ನೇಹವಿಲ್ಲ, ನಾನು ಹುಡುಕುವುದೂ ಇಲ್ಲ.

ಹೋದ ತಿಂಗಳು ಒಂದು ಸಂಜೆ ನನ್ನ ಹಿಂದೆ ಯಾರೂ ಇರಲಿಲ್ಲ. ನಾನು, ಅವಳು, ನಡುವೆ ನನ್ನ ಪಾತ್ರೆ. ಮೂಸಲು ಜನವಿಲ್ಲ. ಅವಳು ಪಾತ್ರೆಯನ್ನು ಹತ್ತಿರಕ್ಕೆಳೆದು, ಹಳೆಯ ಅಭ್ಯಾಸದಂತೆ ಬಾಗಿ, ಉಸಿರು ಎಳೆದಳು.

"ವಾಸನೆ ಬರ್ತಾ ಇದ್ಯಾ ಚಿಕ್ಕತಾಯಮ್ಮ?" ಎಂದೆ. ನೇರವಾಗಿ, ಮುಖ ನೋಡಿ.

ಅವಳು ತಲೆ ಎತ್ತಿದಳು. "ಈಗ್ ಕೇಳ್ತೀರಾ?" ಎಂದಳು. ಹಾಲನ್ನು ಮೂಸಿದ್ದೂ ಮರೆತವಳಂತೆ ತೂಕದ ಪಾತ್ರೆಗೆ ಸುರಿದಳು. "ಅವತ್ತು ಬೆಳುಗ್ಗೆ ಕೇಳಿದ್ರೆ ಸುಳ್ಳೇಳ್ತಿದ್ದೆ. ಆದ್ರೂ ನೀವ್ ಕೇಳ್ಬೇಕಾಗಿತ್ತು."